ಜಿನೀವಾದ ಯಂತ್ರ ಭೂಮಿಯನ್ನು ನುಂಗುತ್ತಾ? ಮಗಳಿಗೆ ಏನು ಹೇಳಲಿ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಹದಿನೈದು ದಿನದ ಹಿಂದೆ ಯಾರದೋ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದಳು. ಸ್ವಿಟ್ಜರ್‌ಲೆಂಡಿನಲ್ಲಿ ನೆಲದಡಿ ಒಂದು ದೊಡ್ಡ ಯಂತ್ರ ಇದೆ, ಅದರಲ್ಲಿ ಬೆಳಕನ್ನೂ ಹೊರಬಿಡದ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಹುಟ್ಟುತ್ತದೆ, ಅದು ಭೂಮಿಯನ್ನೇ ನುಂಗಿಬಿಡುತ್ತದೆ ಅಂತ ಅದರಲ್ಲಿತ್ತಂತೆ. ಆವತ್ತಿನಿಂದ ರಾತ್ರಿ ಲೈಟ್ ಆರಿಸಲು ಬಿಡುತ್ತಿಲ್ಲ. ಸುಮ್ನೆ ಹೆದರಬೇಡ ಅಂದರೆ, "ಅಪಾಯ ಸೊನ್ನೆ ಅಂತ ಹೇಳೋಕೆ ಆಗಲ್ಲ ಅಂತ ವಿಜ್ಞಾನಿಗಳೇ ಅಂದಿದ್ದಾರೆ" ಎಂದು ವಾದ ಮಾಡುತ್ತಾಳೆ. ನಾನು ಬಿ.ಕಾಂ. ಓದಿದವಳು. ನನಗೇ ಉತ್ತರ ಗೊತ್ತಿಲ್ಲ. ಏನು ಹೇಳಲಿ?
— ಒಬ್ಬ ತಾಯಿ, ಸಾಗರ

ಉತ್ತರ: ಇಲ್ಲ ತಾಯಿ, ನುಂಗುವುದಿಲ್ಲ. ಇದನ್ನು ಮಗಳಿಗೆ ಇವತ್ತು ರಾತ್ರಿಯೇ ಹೇಳಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಯಾಕೆ ನುಂಗುವುದಿಲ್ಲ ಅನ್ನುವುದೂ ಅವಳಿಗೆ ಗೊತ್ತಾಗಬೇಕು. ಅವಳು ಕೇಳುತ್ತಿರುವುದು ಪೆದ್ದು ಪ್ರಶ್ನೆ ಅಲ್ಲ. ಅದು ಕೋರ್ಟಿನ ಮೆಟ್ಟಿಲು ಹತ್ತಿದ ಪ್ರಶ್ನೆ. ದೊಡ್ಡ ದೊಡ್ಡ ಭೌತವಿಜ್ಞಾನಿಗಳು ತಿಂಗಳುಗಟ್ಟಲೆ ಕೂತು ಲೆಕ್ಕ ಹಾಕಿ ಉತ್ತರ ಕೊಟ್ಟ ಪ್ರಶ್ನೆ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಿಯುಸಿ, ಬಿ.ಎಸ್‌ಸಿ. ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವನು. 2008ರ ಸೆಪ್ಟೆಂಬರ್ 10, ಬುಧವಾರ, ಆ ಯಂತ್ರದಲ್ಲಿ ಮೊದಲ ಸಲ ಕಣಗಳು ಸುತ್ತು ಹೊಡೆದವು. ಅದಕ್ಕೆ ನಾಲ್ಕು ದಿನ ಮುಂಚಿನಿಂದಲೂ ಟಿವಿಯಲ್ಲಿ ಪ್ರಳಯದ್ದೇ ಮಾತು. ಮೊದಲ ಪಿರಿಯಡ್‌ಗೆ ಹೋದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಇವತ್ತು ಸಂಜೆ ನಾವೆಲ್ಲ ಇರ್ತೀವಾ?" ಅಂದ. ಕ್ಲಾಸು ನಕ್ಕಿತು. ಅವನು ಮಾತ್ರ ನಗಲಿಲ್ಲ. ಅವನ ಮುಖ ನನಗೆ ಇನ್ನೂ ನೆನಪಿದೆ. ಅವತ್ತು "ಇರ್ತೀವಿ, ಕೂತ್ಕೋ" ಅಂದು ಪಾಠ ಮುಂದುವರಿಸಿದೆ. ಹಾಗೆ ಮಾಡಬಾರದಿತ್ತು. ಅವನಿಗೆ ಕೊಡಬೇಕಿದ್ದ ಉತ್ತರವನ್ನು ಈಗ ನಿಮ್ಮ ಮಗಳಿಗೆ ಕೊಡುತ್ತಿದ್ದೇನೆ.

ಯಂತ್ರದ ಹೆಸರು ಲಾರ್ಜ್ ಹ್ಯಾಡ್ರಾನ್ ಕೊಲೈಡರ್. ಅದನ್ನು ನಡೆಸುವ ಸಂಸ್ಥೆ ಸರ್ನ್. ಜಿನೀವಾ ಊರಿನ ಹೊರಗೆ, ಸ್ವಿಟ್ಜರ್‌ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ, ನೆಲದಿಂದ ಸುಮಾರು 100 ಮೀಟರ್ ಕೆಳಗೆ 27 ಕಿಲೋಮೀಟರ್ ಸುತ್ತಳತೆಯ ಉಂಗುರದಂಥ ಸುರಂಗ. ಅದರೊಳಗೆ ಪ್ರೋಟಾನ್ ಕಣಗಳ ಎರಡು ಧಾರೆಗಳು ಎದುರುಬದುರಾಗಿ ಓಡುತ್ತವೆ. ಸೆಕೆಂಡಿಗೆ 11,000ಕ್ಕೂ ಹೆಚ್ಚು ಸುತ್ತು! ನಾಲ್ಕು ಕಡೆ ಅವನ್ನು ಡಿಕ್ಕಿ ಹೊಡೆಸುತ್ತಾರೆ. ಒಡೆದು ಚದುರಿದ್ದನ್ನು ಅಳೆದು, ವಸ್ತು ಎನ್ನುವುದು ಒಳಗೆ ಯಾವುದರಿಂದ ಆಗಿದೆ ಎಂದು ನೋಡುತ್ತಾರೆ. 2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಸಿಕ್ಕಿತು ಎಂದು ಪ್ರಕಟಿಸಿದ್ದು ಇಲ್ಲಿಂದಲೇ. ನಮ್ಮ ಪತ್ರಿಕೆಗಳು ಅದನ್ನೇ 'ದೇವಕಣ' ಅಂದವು.

ಆ ಡಿಕ್ಕಿ ಎಷ್ಟು ಜೋರು? ಜಗತ್ತಿನ ಅತಿ ದೊಡ್ಡ ಯಂತ್ರ ಅಂದ ಕೂಡಲೇ ನಮ್ಮ ತಲೆಗೆ ಬಾಂಬ್ ಬರುತ್ತದೆ. 2022ರಿಂದ ಅಲ್ಲಿನ ಒಂದೊಂದು ಡಿಕ್ಕಿಯ ಶಕ್ತಿ 13.6 ಟೆರಾ ಎಲೆಕ್ಟ್ರಾನ್ ವೋಲ್ಟ್. ಹಾರುವ ಒಂದು ಸೊಳ್ಳೆಯ ಓಟದಲ್ಲಿ ಇರುವ ಶಕ್ತಿ ಹೆಚ್ಚುಕಮ್ಮಿ ಒಂದು ಟೆರಾ ಎಲೆಕ್ಟ್ರಾನ್ ವೋಲ್ಟ್. ಅಂದರೆ ಒಂದು ಡಿಕ್ಕಿ ಎಂದರೆ ಹದಿಮೂರು ಹದಿನಾಲ್ಕು ಸೊಳ್ಳೆ. ನೀವು ಒಂದು ಸಲ ಚಪ್ಪಾಳೆ ತಟ್ಟಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಶಕ್ತಿ ಖರ್ಚಾಗುತ್ತದೆ. ಹಾಗಾದರೆ ಇದರಲ್ಲಿ ವಿಶೇಷ ಏನು? ಅಷ್ಟು ಶಕ್ತಿಯನ್ನು ಪ್ರೋಟಾನ್ ಗಾತ್ರದ, ಅಂದರೆ ಊಹಿಸಲಾಗದಷ್ಟು ಚಿಕ್ಕ ಜಾಗದಲ್ಲಿ ತುಂಬುತ್ತಾರೆ. ವಿಶೇಷ ಅದು. ಭಯ ಹುಟ್ಟಿದ್ದೂ ಅಲ್ಲಿಂದಲೇ. ಇಷ್ಟು ಒತ್ತಿದರೆ ಹಿಂದೆಂದೂ ಆಗದ್ದು ಏನೋ ಆಗಿಬಿಟ್ಟರೆ?

'ಹಿಂದೆಂದೂ ಆಗದ್ದು' ಅನ್ನುವುದೇ ತಪ್ಪು ತಿಳಿವಳಿಕೆ. ಆ ಪ್ರಯೋಗ ಆಗಲೇ ನಡೆದುಬಿಟ್ಟಿದೆ. ನಮ್ಮ ನೆತ್ತಿಯ ಮೇಲೆ, ಕೋಟ್ಯಂತರ ವರ್ಷಗಳಿಂದ, ಹಗಲು ರಾತ್ರಿ ಬಿಡುವಿಲ್ಲದೆ ನಡೆಯುತ್ತಲೇ ಇದೆ.

ಬಾಹ್ಯಾಕಾಶದಿಂದ ಭೂಮಿಗೆ ಒಂದು ಕಣಗಳ ಮಳೆ ಸುರಿಯುತ್ತಿರುತ್ತದೆ. ಕಾಸ್ಮಿಕ್ ಕಿರಣ ಅನ್ನುತ್ತಾರೆ, ಪಠ್ಯಪುಸ್ತಕದಲ್ಲಿ ವಿಶ್ವಕಿರಣ. ಹೆಸರಿಗೆ ಕಿರಣವಾದರೂ ಅವು ಹೆಚ್ಚಾಗಿ ಪ್ರೋಟಾನ್‌ಗಳೇ, ಅಂದರೆ ಆ ಯಂತ್ರದಲ್ಲಿ ಓಡುವ ಕಣಗಳೇ. ಅವು ಬಂದು ನಮ್ಮ ಗಾಳಿಯ ಮೇಲ್ಪದರಕ್ಕೆ ಹೊಡೆಯುತ್ತವೆ. ಇಲ್ಲಿ ಲೆಕ್ಕ ಸ್ವಲ್ಪ ಎಚ್ಚರದಿಂದ ಮಾಡಬೇಕು. ಎರಡು ಬಸ್ಸು ಎದುರುಬದುರು ಗುದ್ದುವುದಕ್ಕೂ, ಓಡುವ ಬಸ್ಸು ನಿಂತ ಬೈಕಿಗೆ ಗುದ್ದುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ನಿಂತದ್ದಕ್ಕೆ ಗುದ್ದಿದಾಗ ಹೆಚ್ಚಿನ ಶಕ್ತಿ ಮುಂದಕ್ಕೆ ತಳ್ಳುವುದರಲ್ಲೇ ಹೋಗುತ್ತದೆ. ಆ ನಷ್ಟವನ್ನೂ ಸೇರಿಸಿದರೆ, ಯಂತ್ರದ ಒಂದು ಡಿಕ್ಕಿಗೆ ಸಮ ಆಗಲು ಆಕಾಶದ ಪ್ರೋಟಾನ್‌ಗೆ ಸುಮಾರು 1 ಲಕ್ಷ ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು.

ಅಂಥವು ಬರುತ್ತವಾ? ಬರುತ್ತವೆ. ಇಡೀ ಭೂಮಿಯನ್ನು ಲೆಕ್ಕಕ್ಕೆ ತಗೊಂಡರೆ ಪ್ರತಿ ಸೆಕೆಂಡಿಗೆ ಸಾವಿರಾರು. ನೀವು ಈ ಸಾಲು ಓದುವಷ್ಟರಲ್ಲೇ ಎಷ್ಟೋ ಬಂದು ಹೋದವು. ಭೂಮಿಗೆ ಈಗ ಸುಮಾರು 450 ಕೋಟಿ ವರ್ಷ. ಸರ್ನ್ ನೇಮಿಸಿದ ಸುರಕ್ಷತಾ ತಂಡ 2008ರಲ್ಲಿ ಕೊಟ್ಟ ವರದಿಯಲ್ಲಿ ಇದರ ಲೆಕ್ಕ ಇದೆ. ಆ ಯಂತ್ರ ವರ್ಷಗಟ್ಟಲೆ ಓಡಿ ಮಾಡುವ ಒಟ್ಟು ಡಿಕ್ಕಿಗಳ ಲಕ್ಷ ಪಟ್ಟು ಡಿಕ್ಕಿಗಳನ್ನು ಪ್ರಕೃತಿ ಈ ಭೂಮಿಯ ಮೇಲೆ ಆಗಲೇ ಮಾಡಿ ಮುಗಿಸಿದೆ. ಸೂರ್ಯನ ಮೇಲ್ಮೈ ಭೂಮಿಯದ್ದಕ್ಕಿಂತ ಹತ್ತು ಸಾವಿರ ಪಟ್ಟಿಗೂ ದೊಡ್ಡದು. ಅದಕ್ಕೆ ಬಿದ್ದ ಹೊಡೆತ ಇನ್ನೂ ಜಾಸ್ತಿ. ಸೂರ್ಯ ಇದ್ದಾನೆ, ಚಂದ್ರ ಇದ್ದಾನೆ, ನಾವೂ ಇದ್ದೇವೆ.

ಇನ್ನೊಂದು ಘಟನೆ. 1991ರ ಅಕ್ಟೋಬರ್ 15ರ ರಾತ್ರಿ ಅಮೆರಿಕದ ಯೂಟಾದಲ್ಲಿ ಆಕಾಶವನ್ನು ಕಾಯುತ್ತಿದ್ದ ಉಪಕರಣಕ್ಕೆ ಒಂದು ಕಣ ಸಿಕ್ಕಿತು. ಅದೊಂದೇ ಕಣದಲ್ಲಿದ್ದ ಶಕ್ತಿ ಸುಮಾರು 50 ಜೂಲ್. ಒಂದು ಕಿಲೋ ತೂಕದ ತೆಂಗಿನಕಾಯಿ ಐದು ಮೀಟರ್ ಮೇಲಿಂದ ಬಿದ್ದರೆ ಎಷ್ಟೋ ಅಷ್ಟು! ಕಣ್ಣಿಗೆ ಕಾಣದ ಒಂದು ಕಣದಲ್ಲಿ! ಅದು ಪ್ರೋಟಾನ್ ಎಂದು ಇಟ್ಟುಕೊಂಡರೆ, ಆ ನಷ್ಟವನ್ನೆಲ್ಲ ಕಳೆದ ಮೇಲೂ ಅದರ ಡಿಕ್ಕಿ ಜಿನೀವಾದ ಡಿಕ್ಕಿಗಿಂತ 50 ಪಟ್ಟಿಗೂ ಜೋರು. ಯೂಟಾದ ಜನ ಮಾರನೆಯ ದಿನ ಎದ್ದು ಎಂದಿನಂತೆ ಕೆಲಸಕ್ಕೆ ಹೋದರು.

ಈ ಕಣಗಳ ಮಳೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಮಗಳಿಗೆ ಇದನ್ನು ಹೇಳಿ, ಖುಷಿಯಾಗುತ್ತಾಳೆ. ವಿಶ್ವಕಿರಣ ಗಾಳಿಗೆ ಬಡಿದಾಗ ಹುಟ್ಟುವ ಮ್ಯೂಆನ್ ಎಂಬ ಕಣಗಳು ಮನೆ, ಮೈ, ಬಂಡೆ ಎಲ್ಲವನ್ನೂ ತೂರಿಕೊಂಡು ಹೋಗುತ್ತವೆ. ಅಂಗೈ ಚಾಚಿ ಹಿಡಿದರೆ ಸೆಕೆಂಡಿಗೆ ಒಂದರಂತೆ ದಾಟುತ್ತಿರುತ್ತವೆ. ಅವು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದು ಅಳೆದವರು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್. ಹಾಗೆ ಅಳೆಯಲು ಸೂಚಿಸಿದವರು ಹೋಮಿ ಭಾಭಾ. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ವಿಶ್ವಕಿರಣದಿಂದ ಗಾಳಿಯಲ್ಲಿ ಹುಟ್ಟುವ, ಹೆಚ್ಚುಕಮ್ಮಿ ಯಾವುದಕ್ಕೂ ತಾಗದೆ ಸಾಗುವ ನ್ಯೂಟ್ರಿನೊ ಎಂಬ ಕಣದ ಗುರುತು ಸಿಕ್ಕಿತು. ಜಗತ್ತಿನಲ್ಲೇ ಮೊದಮೊದಲು ಸಿಕ್ಕಿದ ಅಂಥ ಗುರುತುಗಳಲ್ಲಿ ಅದೂ ಒಂದು. ಚಿನ್ನ ತೆಗೆಯುವ ಗಣಿಯಲ್ಲಿ ಕೂತು ಆಕಾಶ ನೋಡಿದವರು ಅವರು.

ಇಷ್ಟು ಹೇಳಿದರೆ ಚುರುಕಾದ ಹುಡುಗಿ ಒಂದು ಅಡ್ಡ ಪ್ರಶ್ನೆ ಹಾಕುತ್ತಾಳೆ. ಹಾಕಬೇಕು. "ಆಕಾಶದಿಂದ ಬಂದ ಕಣದಿಂದ ಕಪ್ಪುಕುಳಿ ಹುಟ್ಟಿದರೂ ಅದೇ ವೇಗದಲ್ಲಿ ಭೂಮಿಯನ್ನು ತೂರಿ ಆಚೆ ಹೋಗಿಬಿಡುತ್ತೆ. ಯಂತ್ರದಲ್ಲಿ ಎದುರುಬದುರು ಗುದ್ದುವುದರಿಂದ ಅದು ನಿಧಾನವಾಗಿ ಹುಟ್ಟಿ ಇಲ್ಲೇ ಉಳಿದರೆ?"

ಈ ವಾದಗಳಲ್ಲೆಲ್ಲ ಗಟ್ಟಿಯಾದದ್ದು ಇದೇ. ಸ್ಟೀವನ್ ಗಿಡ್ಡಿಂಗ್ಸ್ ಮತ್ತು ಮಿಕೆಲಾಂಜೆಲೊ ಮಂಗಾನೊ ಎಂಬ ಇಬ್ಬರು ಭೌತವಿಜ್ಞಾನಿಗಳು 2008ರಲ್ಲಿ ಇದನ್ನೇ ಹಿಡಿದು ಕೂತರು. ಭೂಮಿಯನ್ನು ತೂರಿ ಹೋಗುವುದು ಎಲ್ಲವನ್ನೂ ತೂರಿ ಹೋಗಲಾರದು. ಆಕಾಶದಲ್ಲಿ ನ್ಯೂಟ್ರಾನ್ ತಾರೆಗಳಿವೆ. ಸೂರ್ಯನಿಗಿಂತ ಹೆಚ್ಚು ತೂಕ, ಅಗಲ ಮಾತ್ರ ಸುಮಾರು ಬೆಂಗಳೂರಿನಷ್ಟು. ಶ್ವೇತಕುಬ್ಜ ತಾರೆಗಳಿವೆ. ಸೂರ್ಯನಷ್ಟು ವಸ್ತುವನ್ನು ಭೂಮಿಯ ಗಾತ್ರಕ್ಕೆ ಅದುಮಿದಂತೆ ಅವು. ಅಷ್ಟು ದಟ್ಟವಾದ ವಸ್ತು ಎಂಥ ವೇಗದ ಕಪ್ಪುಕುಳಿಯನ್ನೂ ತಡೆದು ಒಳಗೇ ಹಿಡಿದಿಡುತ್ತದೆ. ವಿಶ್ವಕಿರಣ ಅವುಗಳ ಮೇಲೂ ಬೀಳುತ್ತದೆ. ಅಪಾಯಕಾರಿ ಕಪ್ಪುಕುಳಿ ಹುಟ್ಟುವುದು ನಿಜವಾಗಿದ್ದರೆ ಆ ತಾರೆಗಳು ಯಾವತ್ತೋ ಒಳಗಿಂದ ಕರಗಿ ಹೋಗಿರಬೇಕಿತ್ತು. ಆದರೆ ನೂರು ಕೋಟಿ ವರ್ಷ ದಾಟಿದ ಶ್ವೇತಕುಬ್ಜಗಳನ್ನೂ ನಾವು ದೂರದರ್ಶಕದಲ್ಲಿ ನೋಡುತ್ತಿದ್ದೇವೆ. ಈ ವಾದ ನನಗೆ ತುಂಬಾ ಇಷ್ಟ. ಇಲ್ಲಿ 'ನಮ್ಮನ್ನು ನಂಬಿ' ಅಂತ ಯಾರೂ ಹೇಳುತ್ತಿಲ್ಲ. ತಲೆ ಎತ್ತಿ ನೋಡಿ ಅನ್ನುತ್ತಿದ್ದಾರೆ.

ಇದೆಲ್ಲ 'ಕಪ್ಪುಕುಳಿ ಹುಟ್ಟಿದರೂ' ಅಂತ ಒಪ್ಪಿಕೊಂಡು ಆಡಿದ ಮಾತು. ನಿಜಕ್ಕೂ ಹುಟ್ಟುತ್ತದೆಯೇ? ನಮಗೆ ಗೊತ್ತಿರುವ ಗುರುತ್ವದ ನಿಯಮದ ಪ್ರಕಾರ ಅದಕ್ಕೆ ಬೇಕಾದ ಶಕ್ತಿ ಯಂತ್ರದಲ್ಲಿರುವುದಕ್ಕಿಂತ ಕೋಟಿ ಕೋಟಿ ಪಟ್ಟಿಗೂ ಹೆಚ್ಚು. ಉದ್ದ, ಅಗಲ, ಎತ್ತರ ಬಿಟ್ಟು ನಾವು ಕಾಣದ ಇನ್ನಷ್ಟು ಆಯಾಮಗಳು ಇದ್ದರೆ ಕಡಿಮೆ ಶಕ್ತಿಯಲ್ಲೂ ಹುಟ್ಟಬಹುದು ಎಂದು 1998ರ ಸುಮಾರಿಗೆ ಕೆಲವರು ಒಂದು ಊಹೆ ಮುಂದಿಟ್ಟರು. ವಿಡಿಯೋಗಳು ಎತ್ತಿ ಹಿಡಿಯುವುದು ಇದನ್ನೇ. ಆದರೆ ಅದೇ ಊಹೆಯ ಮುಂದಿನ ಸಾಲನ್ನು ಅವು ಓದುವುದಿಲ್ಲ. ಅಷ್ಟು ಪುಟ್ಟ ಕಪ್ಪುಕುಳಿ, 1974ರಲ್ಲಿ ಸ್ಟೀಫನ್ ಹಾಕಿಂಗ್ ತೋರಿಸಿಕೊಟ್ಟ ಹಾಗೆ, ಹುಟ್ಟಿದ ಕ್ಷಣವೇ ಆವಿಯಾಗಿ ಕಣಗಳಾಗಿ ಚೆಲ್ಲಿಹೋಗುತ್ತದೆ. ಯಂತ್ರದ ಡಿಟೆಕ್ಟರ್‌ಗಳು ಹಾಗೆ ಚೆಲ್ಲಿದ ಕಣಗಳ ಗುರುತನ್ನು ಬೇಕೆಂದೇ ಹುಡುಕಿದವು. 2010ರಿಂದ ಹುಡುಕಿ ಒಂದೂ ಸಿಗಲಿಲ್ಲ. ಕೆಲವು ಭೌತವಿಜ್ಞಾನಿಗಳಿಗೆ ಅದರಿಂದ ಬೇಸರವೇ ಆಯಿತು. ಸಿಕ್ಕಿದ್ದರೆ ಅದು ಎಂಥ ದೊಡ್ಡ ಶೋಧವಾಗುತ್ತಿತ್ತು!

ಕಪ್ಪುಕುಳಿ ಸುತ್ತಲಿನದನ್ನೆಲ್ಲ ಎಳೆದುಕೊಳ್ಳುವ ಸುಳಿ ಅಂತ ಮಕ್ಕಳ ಮನಸ್ಸಿನಲ್ಲಿ ಕೂತಿದೆ. ಹಾಗೇನಿಲ್ಲ. ಅದರ ಸೆಳೆತ ಅದರ ತೂಕದಷ್ಟೇ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೂ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತದೆ. ಕತ್ತಲಾಗುತ್ತದೆ, ಚಳಿಯಾಗುತ್ತದೆ, ಆದರೆ ನಾವು ಒಳಗೆ ಬೀಳುವುದಿಲ್ಲ. ಇನ್ನು ಹದಿನಾಲ್ಕು ಸೊಳ್ಳೆಯ ಶಕ್ತಿಯಿಂದ ಹುಟ್ಟಿದ್ದರ ತೂಕ ಎಷ್ಟು, ಸೆಳೆತ ಎಷ್ಟು? ಪಕ್ಕದ ಒಂದು ಪರಮಾಣುವನ್ನೂ ಅಲುಗಿಸಲಾರದಷ್ಟು.

ಕಪ್ಪುಕುಳಿ ಬಿಟ್ಟರೆ ಇನ್ನೊಂದೆರಡು ಭಯಗಳಿವೆ. 1999ರಲ್ಲಿ, ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್‌ನಲ್ಲಿ ಚಿನ್ನದ ಪರಮಾಣುಗಳ ತಿರುಳನ್ನು ಗುದ್ದಿಸುವ ಯಂತ್ರ ಸಿದ್ಧವಾದಾಗ, 'ಸ್ಟ್ರೇಂಜ್‌ಲೆಟ್' ಎಂಬ ಊಹೆಯ ವಸ್ತುವಿನ ಮಾತು ಬಂತು. ಹಾಲಿಗೆ ಹೆಪ್ಪು ಹಾಕಿದಂತೆ ಅದು ಮುಟ್ಟಿದ್ದನ್ನೆಲ್ಲ ತನ್ನಂತೆ ಮಾಡಿಬಿಡುತ್ತದೆ ಅನ್ನುವುದು ಭಯ. ಅದಕ್ಕೆ ಚಂದ್ರನೇ ಉತ್ತರ. ಚಂದ್ರನಿಗೆ ಗಾಳಿಯ ಹೊದಿಕೆ ಇಲ್ಲ. ಕಬ್ಬಿಣದಂಥ ಭಾರದ ತಿರುಳುಗಳು ನೇರವಾಗಿ ಅದರ ಮಣ್ಣಿಗೇ ಬಂದು ಹೊಡೆಯುತ್ತವೆ. ಇಷ್ಟು ಕೋಟಿ ವರ್ಷವಾದರೂ ಚಂದ್ರ ಹೆಪ್ಪುಗಟ್ಟಿಲ್ಲ. ಬ್ರೂಕ್‌ಹೇವನ್ ಯಂತ್ರ 2000ದಲ್ಲಿ ಶುರುವಾಗಿ ವರ್ಷಗಟ್ಟಲೆ ಓಡಿತು, ಏನೂ ಆಗಲಿಲ್ಲ. ವಿಶ್ವದ ನಿರ್ವಾತವೇ, ಅಂದರೆ ಖಾಲಿ ಜಾಗದ ಸ್ಥಿತಿಯೇ, ಕುಸಿಯುತ್ತದೆ ಎಂಬ ಇನ್ನೊಂದು ಭಯಕ್ಕೂ ವಿಶ್ವಕಿರಣವೇ ಉತ್ತರ. ಆ ಉತ್ತರ 1983ರಲ್ಲೇ ಪ್ರಕಟವಾಗಿದೆ.

ಈಗ ನಿಮ್ಮ ಮಗಳ ಮುಖ್ಯ ವಾದಕ್ಕೆ ಬರೋಣ. "ಸೊನ್ನೆ ಅಂತ ಹೇಳೋಕೆ ಆಗಲ್ಲ." ಈ ಮಾತು ನಿಜಕ್ಕೂ ಕೆಲವು ವಿಜ್ಞಾನಿಗಳ ಬಾಯಿಂದ ಬಂದಿದೆ. ತಪ್ಪು ಅರ್ಥ ಆಗಿರುವುದೂ ಇದೇ. ನಿಮ್ಮ ಅಂಗಳದಲ್ಲಿ ಒಂದು ರುಬ್ಬುವ ಕಲ್ಲು ಇದೆ ಅಂದುಕೊಳ್ಳಿ. ಅದು ಇವತ್ತು ರಾತ್ರಿ ತಾನಾಗಿ ಎದ್ದು ಮಾಡಿನ ಮೇಲೆ ಹೋಗಿ ಕೂರುತ್ತದಾ? ಭೌತವಿಜ್ಞಾನದ ಸೂತ್ರ ಹಾಕಿದರೆ ಉತ್ತರ ಗಣಿತದ ಸೊನ್ನೆ ಬರುವುದಿಲ್ಲ. ಕಲ್ಲಿನ ಅಣುಗಳೆಲ್ಲ ಒಂದೇ ಕ್ಷಣ ಮೇಲ್ಮುಖವಾಗಿ ಅಲುಗಾಡುವ ಸಾಧ್ಯತೆ ಅಂತ ಏನೋ ಒಂದು ಸಂಖ್ಯೆ ಬರುತ್ತದೆ. ಹಾಗಂತ ನಾವು ಮಾಡಿನ ಕೆಳಗೆ ಮಲಗಲು ಹೆದರುವುದಿಲ್ಲ. ವಿಜ್ಞಾನಿ ಗಣಿತದ ಸೊನ್ನೆಯ ಬಗ್ಗೆ ಹೇಳುತ್ತಾನೆ, ಟಿವಿ ಅದನ್ನು 'ಅಪಾಯ ಇದೆ ಎಂದು ಒಪ್ಪಿದ ವಿಜ್ಞಾನಿ' ಎಂದು ಬರೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ನಮ್ಮವರದ್ದೂ ತಪ್ಪಿದೆ. ಜನ ಹೆದರಿ ಕೇಳಿದಾಗ ಸಾಧ್ಯತೆಯ ಅಂಕಿ ಹೇಳುತ್ತಾ ಕೂರಬಾರದು. ಚಂದ್ರನನ್ನು ತೋರಿಸಬೇಕು. 2008ರ ವರದಿ ಕೊನೆಗೂ ಹಾಗೇ ಮಾಡಿತು. ಅಪಾಯ ಸಣ್ಣದು ಅಂತ ಅದು ಹೇಳಲಿಲ್ಲ. ಭಯಕ್ಕೆ ಆಧಾರವೇ ಇಲ್ಲ ಎಂದು ಹೇಳಿತು.

ಕೋರ್ಟಿನ ವಿಷಯವೂ ವಿಡಿಯೋದಲ್ಲಿ ಬಂದಿರಬಹುದು. 2008ರ ಮಾರ್ಚ್‌ನಲ್ಲಿ ಅಮೆರಿಕದ ಹವಾಯಿಯಲ್ಲಿ ಇಬ್ಬರು ಕೇಸು ಹಾಕಿದ್ದರು. ಅದೇ ವರ್ಷ ವಜಾ ಆಯಿತು. ಆ ಕೋರ್ಟು ವಿಜ್ಞಾನದ ತೀರ್ಪು ಕೊಡಲಿಲ್ಲ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಿತು ಅಷ್ಟೇ. ಹಾಗಾಗಿ ಕೋರ್ಟನ್ನು ಸಾಕ್ಷಿಗೆ ಕರೆಯಲು ನನಗೆ ಮನಸ್ಸಿಲ್ಲ. ಚಂದ್ರ, ತಾರೆಗಳ ಸಾಕ್ಷಿ ಸಾಕು.

ಯಂತ್ರದಲ್ಲಿ ಅವಘಡವೇ ಆಗಿಲ್ಲ ಅಂತಲೂ ಹೇಳಬೇಡಿ. ಮಗಳು ಹುಡುಕಿ ತಂದು ತೋರಿಸುತ್ತಾಳೆ. ಶುರುವಾದ ಒಂಬತ್ತೇ ದಿನಕ್ಕೆ, 2008ರ ಸೆಪ್ಟೆಂಬರ್ 19ರಂದು, ಕಣಗಳನ್ನು ಉಂಗುರದ ದಾರಿಯಲ್ಲೇ ತಿರುಗಿಸುವ ಅಯಸ್ಕಾಂತಗಳಲ್ಲಿ ಎರಡರ ನಡುವಿನ ವಿದ್ಯುತ್ ಜೋಡಣೆ ಕೆಟ್ಟು ಸುಟ್ಟುಹೋಯಿತು. ಅಯಸ್ಕಾಂತಗಳನ್ನು ಮೈನಸ್ 271 ಡಿಗ್ರಿಯಲ್ಲಿ ತಣ್ಣಗಿಡುವ ಹೀಲಿಯಂ ಟನ್‌ಗಟ್ಟಲೆ ಸುರಂಗಕ್ಕೆ ನುಗ್ಗಿತು. 35 ಟನ್ ತೂಕದ ಅಯಸ್ಕಾಂತಗಳು ಜಾಗ ಬಿಟ್ಟು ಸರಿದವು. ರಿಪೇರಿಗೆ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 2016ರಲ್ಲಿ ಮುಂಗುಸಿಯಂಥ ಒಂದು ಕಾಡುಪ್ರಾಣಿ ಟ್ರಾನ್ಸ್‌ಫಾರ್ಮರ್‌ನ ತಂತಿಗೆ ಬಾಯಿ ಹಾಕಿ ಯಂತ್ರ ನಿಂತೇಹೋಯಿತು. ಕೆಟ್ಟರೆ ಆ ಯಂತ್ರ ಕೆಡುವುದು ಹೀಗೆ. ಕರೆಂಟು ಹೋದರೆ ನಿಲ್ಲುತ್ತದೆ. ಆ ಭಾರದ ಅಯಸ್ಕಾಂತಗಳನ್ನು ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಿ ನಿಲ್ಲಿಸುವ 7,000ಕ್ಕೂ ಹೆಚ್ಚು ಜ್ಯಾಕ್‌ಗಳು ಹೋಗಿದ್ದು ಭಾರತದಿಂದ. 2017ರಿಂದ ಭಾರತ ಸರ್ನ್‌ನ ಸಹ ಸದಸ್ಯ ದೇಶ.

ಭಾರತದಿಂದ ಅಲ್ಲಿಗೆ ಹೋದ ಇನ್ನೊಂದು ವಸ್ತು ಇದೆ. ವಿಡಿಯೋದಲ್ಲಿ ಅದನ್ನು ಖಂಡಿತ ತೋರಿಸಿರುತ್ತಾರೆ. ಸರ್ನ್ ಆವರಣದಲ್ಲಿರುವ ನಟರಾಜನ ವಿಗ್ರಹ. "ವಿನಾಶದ ದೇವರನ್ನು ಇಟ್ಟುಕೊಂಡಿದ್ದಾರೆ, ಇದೇ ಸಾಕ್ಷಿ" ಎಂದು ಪರದೇಶದವರು ಹೆದರಿಸುತ್ತಾರೆ. ಅದು ನಮ್ಮ ಸರ್ಕಾರ ಕೊಟ್ಟ ಉಡುಗೊರೆ, 2004ರ ಜೂನ್ 18ರಂದು ಅನಾವರಣ ಆಯಿತು. ನಟರಾಜನನ್ನು ಮಗಳು ಚಿಕ್ಕಂದಿನಿಂದ ನೋಡಿದ್ದಾಳೆ. ಒಂದು ಕೈಯಲ್ಲಿ ಡಮರು, ಇನ್ನೊಂದರಲ್ಲಿ ಬೆಂಕಿ. ಮುಂದಿನ ಬಲಗೈ ಹೇಗಿದೆ ಎಂದು ಅವಳನ್ನೇ ಕೇಳಿ. ಅಂಗೈ ಎತ್ತಿ ತೋರಿಸುವ ಅಭಯಹಸ್ತ. ಹೆದರಬೇಡ ಅನ್ನುವ ಕೈ.

ಒಂದು ವಿಷಯ ನಿಮಗೆ ಮಾತ್ರ ಹೇಳುತ್ತೇನೆ, ಮಗಳಿಗೆ ಓದಿ ಹೇಳಬೇಡಿ. 2008ರ ಆ ವಾರ ಮಧ್ಯಪ್ರದೇಶದಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು. ಪ್ರಳಯದ ಸುದ್ದಿಯನ್ನು ಟಿವಿಯಲ್ಲಿ ನೋಡಿ ನೋಡಿ ಹೆದರಿದ್ದಳು ಎಂದು ಮನೆಯವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಆ ಸುದ್ದಿ ಓದಿದ ದಿನ ನನಗೆ ನನ್ನ ಹಿಂದಿನ ಬೆಂಚಿನ ಹುಡುಗ ನೆನಪಾದ. ಆ ಯಂತ್ರ ಯಾರನ್ನೂ ಮುಟ್ಟಲಿಲ್ಲ. ಭಯ ಒಂದು ಮಗುವನ್ನು ತಗೊಂಡು ಹೋಯಿತು. ಅದಕ್ಕೇ ಹೇಳುತ್ತಿದ್ದೇನೆ, ಮಗಳನ್ನು ಗೇಲಿ ಮಾಡಬೇಡಿ, ಮನೆಯಲ್ಲಿ ಬೇರೆಯವರಿಗೂ ಮಾಡಲು ಬಿಡಬೇಡಿ. ರಾತ್ರಿ ಜೊತೆಗೆ ಮಲಗಿಕೊಳ್ಳಿ. ಈ ಉತ್ತರದಿಂದಲೂ ನಿದ್ದೆ ಬರದೆ, ಊಟ ಬಿಟ್ಟು ಕೂತರೆ, ಇದು ಫಿಸಿಕ್ಸ್ ಮೇಷ್ಟ್ರ ಕೆಲಸ ಅಲ್ಲ. ತಡ ಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೊನೆಯದಾಗಿ ಒಂದು ಕೆಲಸ. ಮಗಳ ಶಾಲೆಯ ವಿಜ್ಞಾನದ ಟೀಚರ್ ಜೊತೆ ಸೇರಿ ಮಾಡಬಹುದು. ನನ್ನ ವಿದ್ಯಾರ್ಥಿಗಳ ಜೊತೆ ನಾನು ಎಷ್ಟೋ ಸಲ ಮಾಡಿದ್ದೇನೆ. ಮೀನು ಸಾಕುವ ಒಂದು ಚಿಕ್ಕ ಗಾಜಿನ ತೊಟ್ಟಿ ತಗೊಳ್ಳಿ. ಅದರ ತಳಕ್ಕೆ ದಪ್ಪ ಉಣ್ಣೆ ಬಟ್ಟೆ ಅಂಟಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ. ಕಪ್ಪು ಬಣ್ಣ ಬಳಿದ ಲೋಹದ ತಗಡಿನ ಮೇಲೆ ತೊಟ್ಟಿಯನ್ನು ಬೋರಲು ಹಾಕಿ, ಗಾಳಿ ಹೋಗದಂತೆ ಅಂಚಿಗೆ ಟೇಪ್ ಸುತ್ತಿ. ತಗಡಿನ ಕೆಳಗೆ ಡ್ರೈ ಐಸ್ ಇಡಿ. ಕೋಣೆ ಕತ್ತಲು ಮಾಡಿ, ಪಕ್ಕದಿಂದ ಟಾರ್ಚ್ ಬಿಡಿ. ಹತ್ತು ಹದಿನೈದು ನಿಮಿಷ ಏನೂ ಕಾಣುವುದಿಲ್ಲ. ಮಕ್ಕಳಿಗೆ ಬೇಜಾರಾಗುತ್ತದೆ, ಪಿಸುಗುಡುತ್ತಾರೆ. ಆಮೇಲೆ ತಗಡಿನ ಮೇಲೆ ಮಂಜಿನಂತೆ ತೆಳು ಪದರ ಕೂರುತ್ತದೆ. ಇದ್ದಕ್ಕಿದ್ದಂತೆ ಅದರೊಳಗೆ ದಾರ ಎಳೆದಂತೆ ಒಂದು ಬಿಳಿ ಗೆರೆ! ಒಂದೆರಡು ಸೆಕೆಂಡಿಗೆ ಕರಗುತ್ತದೆ. ಇನ್ನೊಂದು ಮೂಲೆಯಲ್ಲಿ ಮತ್ತೊಂದು. ಗಿಡ್ಡ, ದಪ್ಪ ಗೆರೆಗಳು ಗಾಳಿಯಲ್ಲಿ ಸಹಜವಾಗಿ ಇರುವ ರೇಡಾನ್ ಎಂಬ ವಿಕಿರಣಶೀಲ ಅನಿಲದವು. ಉದ್ದಕ್ಕೆ, ತೆಳ್ಳಗೆ, ನೇರವಾಗಿ ಹೋಗುವವು ಹೆಚ್ಚಾಗಿ ಆಕಾಶದಿಂದ ಬಂದ ಮ್ಯೂಆನ್‌ಗಳು. ಎಲ್ಲೋ ಮೇಲೆ ಆದ ಡಿಕ್ಕಿಯಿಂದ ಚದುರಿ, ಛಾವಣಿ ತೂರಿ, ಮಗಳ ಕಣ್ಣೆದುರು ದಾಟಿ ಹೋದವು.

ಡ್ರೈ ಐಸ್ ಮೈನಸ್ 78 ಡಿಗ್ರಿ, ಬರಿಗೈಯಲ್ಲಿ ಮುಟ್ಟಬಾರದು. ದಪ್ಪ ಗ್ಲೌಸ್ ಹಾಕಿಕೊಳ್ಳಿ. ಪರದೆ ಎಳೆದರೂ ಕಿಟಕಿ ತೆಗೆದೇ ಇರಲಿ. ಆಲ್ಕೊಹಾಲ್ ಹತ್ತಿರ ಬೆಂಕಿ, ದೀಪ ಬೇಡ. ದೊಡ್ಡವರು ಒಬ್ಬರು ಜೊತೆಗಿರಲೇಬೇಕು. ಒಂದು ನಿಮಿಷಕ್ಕೆ ಉದ್ದ ಗೆರೆ ಎಷ್ಟು ಬಂದವು, ಗಿಡ್ಡವು ಎಷ್ಟು ಬಂದವು ಎಂದು ಮಗಳು ಎಣಿಸಿ ನನಗೆ ಬರೆಯಲಿ. ಅವಳ ಅಡ್ಡ ಪ್ರಶ್ನೆಗಳೂ ಜೊತೆಗೆ ಬರಲಿ.